ಕತ್ತರಿ ಹಿಡಿಯುವ ತಿಂಗಳು

ಬಾ ನವ್ರಾಸ್, ಬಾಗಿಲು ಹಾಕು, ಹೊರಗೆ ಹಿಮ.
ಸ್ಟೂಲಿನ ಮೇಲೆ ಕೂತು ಇವಳನ್ನು ಹಿಡಿ.
ಹಾಗಲ್ಲ... ಓ, ಹಾಗೇ. ನಿನಗೆ ಬರುತ್ತದೆ:
ಕಾಲೆರಡೂ ಬೆರಳ ಸಂದಿಗೆ, ಎದೆ ಅಂಗೈಗೆ.

ಇವಳಪ್ಪ ಲೈಪ್‌ಜಿಗ್‌ನಲ್ಲಿ ತೊಂಬತ್ತಾರು ಅಂಕದವನು,
ಇನ್ನೊಂದು ಹೋಯಿತು ಬಲಗಡೆಯ ಮೊಂಡು ಗರಿಗೆ.
ಇವಳ ಮುಡಿ ನೋಡು: ಕೊಕ್ಕಿನ ಮೇಲೆ
ಸೇವಂತಿಗೆ ಬಿರಿದು ಕವುಚಿದ ಹಾಗೆ,
ಹಿಂದೆ ಕಿವಿಯಿಂದ ಕಿವಿಗೆ ಶಂಖದ ಅಂಚು,
ಅಡಿಗೆ ಅಂಗೈಯಗಲ ಗರಿಯ ಚಪ್ಪಲಿ.
ಚೆಂದಕ್ಕೇನು ಕಡಿಮೆ? ಕಣ್ಣೇ ಕಾಣದು.

ಕಾಳೆಲ್ಲಿ, ನೀರೆಲ್ಲಿ, ಗಂಡನೆಲ್ಲಿ,
ಎಲ್ಲ ತಡಕಾಟ. ಮೊಟ್ಟೆಯಿಟ್ಟರೋ
ತನ್ನ ಕಾಲ್ಗರಿಯ ಬೀಸಿಗೇ ಅದು ಗೂಡಿನಾಚೆ.
ಅದಕ್ಕೇ ಫೆಬ್ರವರಿ ಬಂತೆಂದರೆ ಕತ್ತರಿ.

ಟ್ರಬಾಂಟ್ ಕಾರಿಗೆ ಸೀಟು ಹೊಲಿದ ಕೈ ಇದು,
ಹತ್ತೊಂಬತ್ತು ವರ್ಷ. ಒಂದು ಗೇಣು ಬಟ್ಟೆ ಹಾಳುಮಾಡಿದವಳಲ್ಲ.
ಆದರೂ ಮೊದಲ ಸಲ ಈ ಹೂ ಕೊಯ್ದ ರಾತ್ರಿ
ಊಟ ಸೇರಲಿಲ್ಲ. ಗೆರೋ ನಕ್ಕ:
"ರೋಸ್ವಿತಾ, ಬಹುಮಾನ ಬೇಕೋ, ಮರಿ ಬೇಕೋ?
ಒಂದೇ ವರ್ಷ ಒಂದೇ ಹಕ್ಕಿ ಎರಡೂ ಕೊಡದು."

ಕಚ್. ಹೆದರಬೇಡವೇ. ಕಚ್.
ಬುಡ ನೀಲಿಯಿರುವ ಎಳೆಗರಿ ಮುಟ್ಟಬೇಡ,
ಅದರಲ್ಲಿನ್ನೂ ರಕ್ತ ಓಡುತ್ತಿರುತ್ತದೆ.

ಏನಂದೆ? ನಿಮ್ಮ ಅಲೆಪ್ಪೊದಲ್ಲಿ
ಪಾರಿವಾಳದವನ ಸಾಕ್ಷಿ ಕೋರ್ಟಿನಲ್ಲಿ ನಡೆಯದೇ?
ಅಷ್ಟು ಸುಳ್ಳುಗಾರರೇ ನೀವು?
ನಗಿಸಬೇಡ ಮಾರಾಯ, ಕತ್ತರಿ ಅಲುಗುತ್ತದೆ.
ಪಕ್ಕದವನ ಹಕ್ಕಿ ನಿನ್ನ ಮಾಳಿಗೆಗಿಳಿದರೆ ನಿನ್ನದೇ?
ಇಲ್ಲಿ ಇವು ಎಲ್ಲಿಗೂ ಹಾರವು.
ಕದಿಯುವುದಾದರೆ ನೀನೇ ನಡೆದು ಬರಬೇಕು.

ಆಯಿತು. ಇಳಿಸು.
ನೋಡು, ತಲೆ ಓರೆ ಮಾಡಿದಳು.
ಅಕ್ಟೋಬರಿನಿಂದ ಒಂದೇ ಗೂಡು,
ಈಗ ಅವನನ್ನು ಕಂಡು ಎರಡು ಹೆಜ್ಜೆ ಹಿಂದೆ!
ಅವನೋ, ಗಂಟಲುಬ್ಬಿಸಿ ಡೊಳ್ಳು ಶುರು,
ಬೇಲಿಯಾಚೆ ಪೆಚೋಲ್ಡಮ್ಮ ಬಕೆಟ್ಟು ಬಡಿಯುವವರೆಗೆ
ನಿಲ್ಲುವುದಿಲ್ಲ.

ಕೊಯ್ದ ಗರಿ ಒಲೆಗೆ ಬೇಡ, ಆ ಬಿಸ್ಕತ್ತಿನ ಡಬ್ಬಿಗೆ ಹಾಕು.
ಯಾಕೆಂದು ಕೇಳಬೇಡ,
ಗೆರೋ ಇದ್ದಾಗಲೂ ಕೇಳುತ್ತಿರಲಿಲ್ಲ.

ದುಡ್ಡು ಆಮೇಲೆ. ಮರಿಯೊಡೆದ ಎಂಟನೇ ದಿನ ಬಾ,
ಉಂಗುರ ತೊಡಿಸಲಿಕ್ಕೆ. ಹನ್ನೆರಡಕ್ಕೆ ಬಂದರೆ ಕಾಲು ದಪ್ಪ,
ಉಂಗುರ ಏರದು. ಆಮೇಲೆ
ಎಂಥ ಮುಡಿ ಬೆಳೆದರೂ ಅದು
ಯಾವ ಪುಸ್ತಕದಲ್ಲೂ ಇಲ್ಲದ ಹಕ್ಕಿ.
ನಂಬರಿಲ್ಲದಿರುವುದೆಂದರೇನೆಂದು
ನಿನಗೆ ನಾನು ಹೇಳಬೇಕೇ.

ಹೋಗುವಾಗ ಬಾಗಿಲು ಮೆಲ್ಲಗೆ ಎಳೆದುಕೋ.
ಇವಳು ಈಗ ಎಲ್ಲಕ್ಕೂ ಬೆಚ್ಚುತ್ತಾಳೆ.