ಮೂರು ನಳಿಕೆ, ಒಂದು ಸೈಲೆನ್ಸರ್

ಕೆಂಪೈನೆನ್ ಅಂಗಡಿಯ ಬೆಂಚಿನ ಮೇಲೆ
ಹಳೇ ಕಂಬಳಿ ಹಾಸಿ ಮೂರನ್ನೂ ಮಲಗಿಸಿದ್ದೇನೆ.
ಅಕ್ಟೋಬರ್. ಹೊರಗೆ ಕುಹ್ಮೊದ ಬೀದಿಯಲ್ಲಿ
ಮೊದಲ ಹಿಮ ಬೀಳಲೋ ಬೇಡವೋ ಎನ್ನುತ್ತಿದೆ.
ನನ್ನದೂ ಅದೇ ಸ್ಥಿತಿ.

ಸೈಲೆನ್ಸರ್ ಒಂದೇ. ಕೊಳ್ಳಲಾದದ್ದು ಒಂದೇ.
ಕಪ್ಪು ಕೊಳವೆ, ಗೇಣಿಗೆ ಚೂರು ಕಮ್ಮಿ,
ಒಳಗೆ ಗೋಡೆಯ ಹಿಂದೆ ಗೋಡೆ.
ಹೆಸರು ಮಾತ್ರ ದೊಡ್ಡದು. ಮೌನವನ್ನೇನೂ ಕೊಡುವುದಿಲ್ಲ ಅದು,
ಸಿಡಿಲನ್ನು ಬಾಗಿಲು ಬಡಿದಷ್ಟಕ್ಕೆ ಇಳಿಸುತ್ತದೆ.
ಮೂಸ್ ಹಿಂದೆ ಓಡುವ ನಮ್ಮ ರೇಕುವಿನ ಕಿವಿಗೆ
ಅಷ್ಟಾದರೂ ಆಗಲಿ.

"ನೇರ ತಿರುಪಿ ಕೂರಿಸಬಹುದು," ಅಂದ ಕೆಂಪೈನೆನ್.
"ಹಗುರ, ಅಗ್ಗ, ಗುರಿ ಅಲುಗದು.
ಆದರೆ ಮಗಳ ಬಂದೂಕಿನ ತಿರುಪು ಹದಿನಾಲ್ಕು ಮಿಲಿಮೀಟರ್,
ನಿನ್ನದು ಹದಿನೈದು. ನಡುವೆ ಒಂದು ಉಂಗುರ ಬೇಕು.
ಮರಗಟ್ಟಿದ ಬೆರಳಲ್ಲಿ ಕಾಡಿನ ಮಧ್ಯೆ ಬಿಚ್ಚಿ ನೋಡು,
ಎಂದೂ ಕಲಿಯದ ಬೈಗುಳ ತಾನಾಗಿ ಬರುತ್ತದೆ.

ಇಲ್ಲವೇ ಇದು." ಉಕ್ಕಿನ ಮೂತಿಯೊಂದನ್ನು ಅಂಗೈಗಿಟ್ಟ.
"ಒಂದೊಂದಕ್ಕೂ ಒಂದೊಂದು, ಖಾಯಂ.
ಕೊಳವೆ ಅರ್ಧ ಸುತ್ತಿಗೆ ಟಕ್ಕೆಂದು ಕಚ್ಚುತ್ತದೆ.
ತೂಕ ಮುಂದಕ್ಕೆ ಜಗ್ಗುತ್ತದೆ, ನಿಜ. ಬೆಲೆ..."
ಬೆಲೆಯನ್ನು ಬಾಯಲ್ಲಿ ಹೇಳಲಿಲ್ಲ,
ರಟ್ಟಿನ ಚೂರಿನ ಮೇಲೆ ಬರೆದು ನನ್ನ ಕಡೆ ತಿರುಗಿಸಿದ.

ಮೂರನೆಯದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.
ಅದರ ತುದಿ ಬೋಳು.
ತಿರುಪು ಕೊರೆಯಬೇಕಾದರೆ ಲೇಥಿಗೆ ಹಾಕಬೇಕು,
ಮುಂಗುರಿ ಕಿತ್ತು ತೆಗೆಯಬೇಕು.
ಮುಂಗುರಿಯ ಮೇಲೊಂದು ಕೆಂಪು ಚುಕ್ಕಿ,
ಅಮ್ಮನ ಉಗುರುಬಣ್ಣ,
ಮಬ್ಬಿನಲ್ಲಿ ಕಾಣಲೆಂದು ಅಪ್ಪ ಕದ್ದು ಹಚ್ಚಿದ್ದು.

ಅಪ್ಪನ ಎಡಗಿವಿ ನಾನು ಹುಟ್ಟುವ ಮೊದಲೇ ಹೋಗಿತ್ತು.
ಬಲಗಿವಿ ವರ್ಷಕ್ಕಿಷ್ಟು, ವರ್ಷಕ್ಕಿಷ್ಟು.
ನಮ್ಮ ಮನೆಯ ಊಟದಲ್ಲಿ ಉಪ್ಪಿಗಿಂತ ಹೆಚ್ಚು
"ಹಾಂ?" ಇರುತ್ತಿತ್ತು.
ನಾಯಿ ಬೊಗಳಿದ ದಿಕ್ಕನ್ನು
ಅವನ ಬೆನ್ನಿನ ಮೇಲೆ ಬೆರಳಲ್ಲಿ ಗೀಚುತ್ತಿದ್ದೆ:
ಇತ್ತ, ಜೌಗಿನ ಆಚೆ, ಇನ್ನೂ ಆಚೆ.

ಆಸ್ಪತ್ರೆಯಲ್ಲಿ ಅಮ್ಮ ಕೊನೆಗೆ ಏನೋ ಅಂದಳು.
ಅಪ್ಪ ತಲೆಯಾಡಿಸಿದ.
ಕಾರಿನಲ್ಲಿ, ಎಂಜಿನ್ ಆರಿಸಿ, ಕೇಳಿದ:
ಏನಂದಳು?
ನನಗೂ ಕೇಳಿಸಿರಲಿಲ್ಲ.
ಏನೋ ಒಂದು ಹೇಳಿದೆ. ಒಳ್ಳೆಯದನ್ನೇ ಹೇಳಿದೆ.
ಅವನು ಅದನ್ನು ಆರು ವರ್ಷ ನಂಬಿಕೊಂಡು
ಹೋದ.

ಈಗ ನನ್ನ ಎಡಗಿವಿಯಲ್ಲಿ ಸೊಳ್ಳೆಯೊಂದು ಕೂತಿದೆ,
ಚಳಿಗಾಲದಲ್ಲೂ ಸಾಯದ ಸೊಳ್ಳೆ.

"ಕೊರೆದುಬಿಡಿ," ಅಂದಳು ಹಿಲ್ಲಾ.
ಹದಿನೈದು ತುಂಬಿದೆ ಅಷ್ಟೇ, ಅಜ್ಜನ ಬಂದೂಕೇ ಬೇಕಂತೆ.
"ಹಾಳು ಮಾಡಿದ ಹಾಗಲ್ಲವೇನೇ? ಅಜ್ಜ ಏನೆನ್ನುತ್ತಿದ್ದ?"
"ಹಾಂ? ಅನ್ನುತ್ತಿದ್ದ," ಅಂದಳು.
ಕೆಂಪೈನೆನ್ ಮೀಸೆಯೊಳಗೆ ನಕ್ಕು
ರಟ್ಟಿನ ಚೂರನ್ನು ಒಲೆಗೆ ಎಸೆದ.

ನೇರ ತಿರುಪೇ ಸೈ ಎಂದಾಯಿತು.
ಹೊಸದಾಗಿ ಕೊರೆಯುವುದಕ್ಕೆ ಯಾವ ಅಳತೆಯಾದರೇನು,
ಅಪ್ಪನದಕ್ಕೂ ಹಿಲ್ಲಾಳ ಹದಿನಾಲ್ಕನ್ನೇ ಕೊಟ್ಟೆವು.
ಅವೆರಡಕ್ಕೂ ಕೊಳವೆ ಸಲೀಸಾಗಿ ಕೂರುತ್ತದೆ.
ಉಂಗುರ ಬೇಕಾಗುವುದು ನನ್ನದಕ್ಕೊಂದಕ್ಕೇ.

ಮುಂಗುರಿ ಕಳಚಿ ಬಂತು, ಹಲ್ಲಿನಷ್ಟು ಚಿಕ್ಕದು.
ಹಿಲ್ಲಾ ಅದನ್ನು ಜೇಬಿಗೆ ಹಾಕಿಕೊಂಡು
ಜಿಪ್ ಎಳೆದಳು.
ಇಯರ್‌ಮಫ್ ಇದ್ದದ್ದು ಎರಡು.
ಒಂದು ಕೆಂಪೈನೆನ್‌ಗೆ, ಒಂದು ಅವಳಿಗೆ.

ಲೇಥ್ ಕಿರುಚತೊಡಗಿತು.
ನೀಲಿ ತಿರುಗಿದ ಉಕ್ಕಿನ ಎಳೆ ಸುರುಳಿ ಸುರುಳಿ ಇಳಿದು
ನೆಲದ ಮೇಲೆ ನಡುಗಿತು.
ಹಿಲ್ಲಾ ನನ್ನ ಕಡೆ ತಿರುಗಿ
ಏನೋ ಅಂದಳು.

ಹಾಂ? ಅಂದೆ.