ಕಾಲು, ಅರ್ಧ, ಮುಕ್ಕಾಲು

ನಾಳೆ ಆಡಿಟ್‌ನವರು ಬರತಾರ.
ಮ್ಯಾನೇಜರ್ ಸಾಹೇಬ್ರು ಒಂದು ಹಾಳಿ ಕೊಟ್ಟಾರ:
ಎಡಕ್ಕ ಹೆಸರು, ಮ್ಯಾಲ ಕೆಲಸ,
ನಡುವ ಸಾಲುಗಟ್ಟಿ ಖಾಲಿ ಚಕ್ರ.
ಕಲಿಯಾಕತ್ತವಗ ಕಾಲು ಕಪ್ಪು ಮಾಡೂದು,
ಕೈ ಕೂಡಿದವಗ ಅರ್ಧ,
ಒಬ್ಬಾಂವನ ನಿಭಾಯಿಸಾವಗ ಮುಕ್ಕಾಲು,
ಮಂದಿಗೆ ಕಲಸಾವಗ ಪೂರಾ.
ನಮ್ಮ ಫೌಂಡ್ರಿಯೊಳಗ ಅಮಾಸೀನ ಹುಣ್ಣಿವಿ.

ಉದ್ಯಮಬಾಗದ ತಗಡಿನ ಮ್ಯಾಲ ಆಷಾಢದ ಮಳಿ.
ಫಸ್ಟ್ ಶಿಫ್ಟ್ ಬಿಟ್ಟೈತಿ.
ಪೆನ್ಸಿಲ್ ಚೂಪು ಮಾಡಕೊಂಡು ಕುಂತೇನಿ.

ಲಗಮಣ್ಣ ಹುದಲಿ, ಮೋಲ್ಡಿಂಗ್.
ಪೂರಾ ಕಪ್ಪು, ಎರಡನೇ ಮಾತಿಲ್ಲ.
ಪೆಟಗಿ ಮ್ಯಾಲ ಪೆಟಗಿ ಇಟ್ಟರ ಕೂದಲೆಳಿ ಸರಿಯಂಗಿಲ್ಲ.
ಆದ್ರ ಹೊಸಾ ಹುಡುಗ ಅಚ್ಚು ಕೆಡವಿದ ದಿನ
ಬೈಲಾರದ, ತನ್ನ ಬುತ್ತಿಯ ಅರ್ಧ ರೊಟ್ಟಿ
ಮುರದು ಕೊಟ್ಟನಲ್ಲ,
ಅದಕ್ಕ ಯಾವ ಚಕ್ರ?

ದಸ್ತಗೀರ ಮುಲ್ಲಾ, ಫರ್ನೇಸ್.
ಮೀಟರ್ ಕೆಟ್ಟರೂ ಬಣ್ಣ ನೋಡಿ ಹೇಳತಾನ:
"ಇನ್ನೂ ಕೇಸರಿ ಐತಿ, ಎರಡು ನಿಮಿಷ ತಡೀರಿ."
ಎರಡು ಅಂದ್ರ ಎರಡ.
ಪುಂಡಲೀಕ ಅಷ್ಟೇಕರ ಸುತ್ತಿಗಿ ಬಡದು ನಾದ ಕೇಳತಾನ,
ಒಳಗ ಸೀಳೈತಿ ಅಂತ ಮರಾಠಿಯೊಳಗ ಅಂತಾನ.
ಬೀಡಿಗೆ ಎರಡೂ ಭಾಷಾ ಬರತಾವು.
ಬಾಳವ್ವ ಕಡೋಲಿ, ಕೋರ್ ಶಾಪ್.
ತತ್ತಿ ಹಿಡದಂಗ ಹಿಡೀತಾಳ. ಪೂರಾ.

ಹಾಳಿ ತುಂಬ ಕರ್ರಗ, ಕಾಡಿಗಿ ಹಚ್ಚಿದಂಗ.
ಹಂಗಿದ್ದರ ಹೋದ ಮಂಗಳವಾರ
ನಲವತ್ತೊಂದು ಪಂಪ್ ಬಾಡಿ ಯಾಕ ಗುಜರಿಗೆ ಹೋದ್ವು?
ಒಡದು ನೋಡಿದ್ರ ಒಳಗೆಲ್ಲಾ ಗಾಳಿಗುಳ್ಳಿ,
ಹುಳಾ ತಿಂದ ಬದನೀಕಾಯಿ.

ಉಸುಕು ಹಸಿ ಇತ್ತು.
ಲಗಮಣ್ಣಗ ಗೊತ್ತಿತ್ತು. ಉಸುಕಿನ ಉಸಾಬರಿ ತನ್ನದಲ್ಲ ಅಂತ ಸುಮ್ಮನಿದ್ದ.
ಉಸುಕು ಕಲಸೂ ಹುಡುಗಗ ಗೊತ್ತಿತ್ತು,
ಅವನ ಮೀಟರ್ ಮಾತ್ರ ಸರಿ ಐತಿ ಅಂದಿತ್ತು.
ದಸ್ತಗೀರ ಸುರಿಯೂ ಮುಂದ
ಅಚ್ಚಿನ ಬಾಯಾಗ ಕುದಿ ಎದ್ದದ್ದು ಕಂಡಿದ್ದ,
ಕಂಡು, ಮುಂದಿನ ಅಚ್ಚಿಗೆ ನಡದಿದ್ದ.
ಎಲ್ಲಾರಿಗೂ ಗೊತ್ತಿತ್ತು.
ಅದನ್ನ ಬಾಯಿಬಿಟ್ಟು ಹೇಳೂದು
ಯಾರ ಕೆಲಸಾನೂ ಆಗಿರಲಿಲ್ಲ.

ಹೊಳಿ ದಾಟಿದ ಹತ್ತು ಮಂದಿಯ ಕಥಿ ನೆನಪಾತು,
ತನ್ನ ಬಿಟ್ಟು ಎಣಿಸಿ ದಂಡಿಗೆ ಕುಂತು ಅತ್ತವರದು.
ನಾ ಶಾಣ್ಯಾ. ಮೊದಲ ನನ್ನ ಎಣಿಸಿಕೊಂಡೆ.
ಆದರೂ ಒಬ್ಬ ಕಮ್ಮಿ.

ಹೋದ ವರ್ಷದ ಹಾಳಿ ತಗದೆ.
ಕಟ್ಟಕಡೀ ಸಾಲು: ಈರಗೌಡ ಸುಳೇಭಾವಿ.
ಐದು ಚಕ್ರ. ಐದೂ ಕಾಲು. ಬರದದ್ದು ನಾನ.
ಯಾವ ಕೆಲಸಾನೂ ಪೂರಾ ಬರತಿರಲಿಲ್ಲ ಅವಗ,
ಎಲ್ಲಾರ ಕೆಲಸದಾಗೂ ಮೂಗು.
ಮುಟಗಿಯೊಳಗ ಉಸುಕು ಹಿಸುಕಿ, ಅಂಗೈ ಬಿಚ್ಚಿ
ಮಾರಿ ಮುಂದ ಹಿಡಿಯಾಂವಾ:
"ಇದೇನ್ ಉಸುಕೋ, ಹೋಳಗಿ ಕಣಕೋ?
ನಿಂದರಸ್ರಿ ಲೈನು!"
ದಿನಾ ಒಂದು ಜಗಳ.
ವಾರಕ್ಕೆರಡು ಸಲ ಅವನ ಮಾತು ಸುಳ್ಳೂ ಆಗತಿತ್ತು.
ನಿಪ್ಪಾಣಿ ಕಡೆ ಕೆಲಸ ಸಿಕ್ಕು ಹ್ವಾದಾಗ
ಕುಂದಾ ಹಂಚಿದ್ದು ಅವನಲ್ಲ, ನಾವು.

ಸ್ಕೇಲ್ ಇಟ್ಟು ಹೊಸಾ ಮನಿ ಒಂದು ಗೆರಿ ಹೊಡದೆ.
ತಲಿಮ್ಯಾಲ ಏನಂತ ಬರೀಲಿ?
ಜಗಳ ಅಂದ್ರ ಆಡಿಟ್‌ನವರು ನಗತಾರ.
ಅಡ್ಡಗಾಲು?
ಕಾಲು ಕೊಟ್ಟಿದ್ದೆ ಅವಗ ಐದು ಸಲ,
ಅದರ ಹಿಂದಿನ ಅಡ್ಡ ಮರತಿದ್ದೆ.

ಮಂಗಳವಾರದ್ದು ಇನ್ನೊಂದು ನೆನಪೈತಿ,
ಇಷ್ಟೊತ್ತು ಅದರ ಮ್ಯಾಲ ಕುಂತಿದ್ದೆ.
ಕೋರ್ ಇಡಾಕ ಬಂದ ಬಾಳವ್ವ
ಅಚ್ಚಿನ ಅಂಚಿಗೆ ಬೆರಳು ಹಚ್ಚಿ
ನನ್ನ ಕಡೆ ನೋಡಿ ಬಾಯಿ ತೆರದಿದ್ಲು.
ನನ್ನ ಕಿವಿಗೆ ಫೋನಿತ್ತು.
ಸೆರಗಿಗೆ ಬೆರಳು ವರಸಿಕೊಂಡು ಹೋಗಿದ್ಲು.

ಗೇಟಿನ ಹಂತ್ಯಾಕ ನಿಂತಾಳ ಈಗೂ,
ತಲಿಮ್ಯಾಲ ಪ್ಲಾಸ್ಟಿಕ್ ಚೀಲಾ, ಮಳಿ ನಿಲ್ಲಲಿ ಅಂತ.
ಹಾಳಿ ಹಿಡಕೊಂಡ ಹೋದೆ, ತೊಯ್ದರ ತೊಯ್ಲಿ.
"ಬಾಳವ್ವಾ, ಅವತ್ತು ಏನರ ಹೇಳೂದಿತ್ತೇನ?"

ನನ್ನ ನೋಡಿದ್ಲು. ಹಾಳಿ ನೋಡಿದ್ಲು.
ಡಬ್ಬಿ ಚೀಲಾ ಕೆಳಗಿಟ್ಲು.

"ಕುಂಡ್ರಿ ಮೊದಲ," ಅಂದ್ಲು.
"ಒಂದ ಅಲ್ಲ, ಐದು ಅದಾವು."