ಬಿಟ್ಟರೆ ಎಷ್ಟು ದೂರ

ಸೇಡಂ ರಸ್ತೆ, ಬೆಳಗಿನ ಆರು.
ಹೂವಿಗೆ ಬಂದ ತೊಗರಿಯ ಮೇಲೆ ಗಾಳಿ ಇನ್ನೂ ಎದ್ದಿಲ್ಲ.
ಎದ್ದರೆ ನಮ್ಮ ಲೆಕ್ಕ ಕೆಡುತ್ತದೆ.

ಹಿಂದಿನ ಸೀಟಿನಲ್ಲಿ ಮೂರು ಮರಳಿನ ಚೀಲ,
ಒಂದೊಂದೂ ಅರವತ್ತೈದು ಕಿಲೋ.
ಹುಡುಗರು ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದಾರೆ:
ಅತ್ತಿ, ಸೊಸಿ, ಅತ್ತಿಯ ಕೈಚೀಲ.

ರುಕ್ಮೋದ್ದೀನ್ ಚಾಚಾ ಟೈರನ್ನು ಹೆಬ್ಬೆರಳಿಂದ ಒತ್ತಿ
"ಎಡಗಡಿ ಗಾಲಿ ಸ್ವಲ್ಪ ಸೋತದ" ಅಂದರು.
ಗೇಜು ಹಚ್ಚಿದೆ: ಎರಡು ಪೌಂಡು ಕಡಿಮೆ.
ಡಿಪ್ಲೊಮಾ ಕಲಿಸುವ ನಾನು ಪಂಪು ಹಿಡಿದು ಕೂತೆ.

ಪರೀಕ್ಷೆ ಇಷ್ಟೇ:
ನಲವತ್ತಕ್ಕೆ ಏರಿಸು, ಕರೆಂಟು ಕಡಿ, ಕೈಕಾಲು ಸುಮ್ಮನಿಡು.
ಬ್ರೇಕಿಲ್ಲದೆ ಗಾಡಿ ತಾನಾಗಿ ನಿಲ್ಲುವ ತನಕ
ಭಾಗ್ಯವಂತಿ ಕೂಗುತ್ತಾಳೆ, ನಾನು ಬರೆಯುತ್ತೇನೆ.
ಮೂವತ್ತೈದು. ಮೂವತ್ತು. ಇಪ್ಪತ್ತೈದು.

"ಸುಮ್ಮ ಬಿಟ್ರ ನಿಂದ್ರತದ ಮೇಡಂ,
ಇದರಾಗ ಏನ್ ಓದೂದದ?"

ಓದುವುದಿದೆ, ಚಾಚಾ.
ಮುಖಕ್ಕೆ ಕೈ ಒಡ್ಡುವುದು ಗಾಳಿ;
ಓಟ ಎರಡರಷ್ಟಾದರೆ ಅದರ ಹಟ ನಾಲ್ಕರಷ್ಟು.
ಗಾಳಿ ಕೈಬಿಟ್ಟ ಮೇಲೂ
ಏರದ ಇಳಿಯದ ಹಿಡಿತವೊಂದು ಕೆಳಗೆ ಉಳಿದಿರುತ್ತದೆ:
ರಬ್ಬರು ಚಪ್ಪಟೆಯಾಗಿ, ಮತ್ತೆ ದುಂಡಗಾಗಿ,
ಸುತ್ತುಸುತ್ತಿಗೂ ಒಂದಿಷ್ಟು ಬಿಸಿಯಾಗಿ ಸೋರುವ ಬಲ.
ಕೊನೆಗೆ ನಿಲ್ಲಿಸುವುದು ನೆಲ.

ಹೋಗುವಾಗ ಅರವತ್ತೇಳು ಸೆಕೆಂಡು, ಬರುವಾಗ ಐವತ್ತೊಂಬತ್ತು.
ಕಣ್ಣಿಗೆ ಸಪಾಟಾದ ರಸ್ತೆಗೂ ಒಂದು ಒಲವು ಇರುತ್ತದೆ.
ಕೂಡಿಸಿ ಅರ್ಧ ಮಾಡಬೇಕು.

ಆರನೇ ಓಟಕ್ಕೆ ಸಿಮೆಂಟಿನ ಲಾರಿ ಒರೆಸಿಕೊಂಡೇ ಹಾದು
ತನ್ನ ಗಾಳಿಯಲ್ಲಿ ನಮ್ಮನ್ನೂ ಎಳೆದೊಯ್ದಿತು.
ಎಪ್ಪತ್ತೈದು! ಹುಡುಗರು ಚಪ್ಪಾಳೆ ತಟ್ಟಿದರು.
ಕಾಟು ಹೊಡೆದೆ.

ಆಮೇಲೆ ಪರದೆ.
ಬದಿಗೆ ಇಳಿಬಿಟ್ಟ ರೆಕ್ಸಿನ್ ಸುತ್ತಿ ಕಟ್ಟಿದರೆ
ಗಾಡಿ ಎರಡು ಸೆಕೆಂಡು ಹೆಚ್ಚು ಉರುಳುತ್ತದೆ.
"ಹಂಗಾದ್ರ ತೆಗದೇ ಬಿಡ್ರಿ," ಒಬ್ಬ ಅಂದ.
ಚಾಚಾ ಬೀಡಿ ಹಚ್ಚದೆ ಹಾಗೇ ಹಿಡಿದಿದ್ದರು.
"ಮೇ ತಿಂಗಳ ಮಧ್ಯಾಹ್ನ, ದವಾಖಾನಿಯಿಂದ ಮನಿತನ
ಬಾಣಂತಿ ಕೂತಿರ್ತಾಳ. ಕೂಸಿನ ಮುಖಕ್ಕ ಹೊಡಿಯೋ ಝಳ
ನಿಮ್ಮ ಹಾಳ್ಯಾಗ ಎಲ್ಲಿ ಬರೀತೀರಿ?"

ಹಾಳೆಯಲ್ಲಿ ಅದಕ್ಕೆ ಮನೆ ಇರಲಿಲ್ಲ.
ಅಂಚಿನಲ್ಲಿ ಬರೆದೆ: ಪರದೆ ಇರಲಿ.
ಕೆಳಗಿನ ಮಡಿಕೆಗೆ ಬಿದಿರುಕಡ್ಡಿ ಹೊಲಿದು ಬಿಗಿಯಬೇಕು,
ಪಟಪಟ ಬಡಿಯದ ಹಾಗೆ.
ಮುಕ್ಕಾಲು ಸೆಕೆಂಡು ಮರಳಿ ಸಿಕ್ಕರೂ ಸಿಕ್ಕೀತು.

ಅಷ್ಟರಲ್ಲಿ ತೊಗರಿ ಅಲುಗಿತು. ಇವತ್ತಿಗೆ ಸಾಕು.
ಇಳಿಸುವಾಗ ಅತ್ತಿ ಹರಿದು ರಸ್ತೆಗೆಲ್ಲ ಮರಳಾದಳು.

ಖಾಲಿ ಗಾಡಿ ಕಲಬುರಗಿಯ ಕಡೆ ಹೊರಟಿತು.
ದೂರದಲ್ಲಿ, ಚಟವೋ ಏನೋ,
ಚಾಚಾ ಕರೆಂಟು ಬಿಟ್ಟು ಸುಮ್ಮನೆ ಉರುಳತೊಡಗಿದರು.
ಗಡಿಯಾರ ಡಬ್ಬಿಗೆ ಹಾಕಿದ್ದ ಭಾಗ್ಯವಂತಿ
ಬಾಯೊಳಗೇ ಎಣಿಸುತ್ತಿದ್ದಳು.